ಜೂಮ್ ಮಸೂರ

ಜೂಮ್ ಮಸೂರವು ತನ್ನ ಸಂಗಮ ದೂರವನ್ನು ಒಂದು ನಿಗದಿತ ವ್ಯಾಪ್ತಿಯೊಳಗೆ ಬದಲಿಸಿಕೊಳ್ಳಬಲ್ಲ ಕ್ಯಾಮೆರಾ ಮಸೂರವಾಗಿದೆ. ಹೊರನೋಟಕ್ಕೆ ಒಂದೇ ಮಸೂರವೆಂದು ಕಂಡರೂ ಇದು ಹಲವು ಪೀನ ಮತ್ತು ನಿಮ್ನ ಗಾಜುಗಳನ್ನು ಒಂದು ಕೊಳವೆಯೊಳಗೆ ಗುಂಪುಗುಂಪಾಗಿ ಜೋಡಿಸಿದ ವ್ಯವಸ್ಥೆ. ಸಂಗಮ ದೂರ ಬದಲಾಗದ ಮಸೂರಕ್ಕೆ ಸ್ಥಿರ ಮಸೂರ ಅಥವಾ ಪ್ರೈಮ್ ಲೆನ್ಸ್ ಎಂದು ಹೆಸರು. ದೂರದ್ದನ್ನು ಹತ್ತಿರ ತೋರಿಸುವ ಯಾವುದೇ ಮಸೂರವನ್ನು ಆಡುಮಾತಿನಲ್ಲಿ 'ಜೂಮ್' ಎನ್ನುವುದುಂಟು, ಇದು ಸರಿಯಲ್ಲ. 300 ಮಿ.ಮೀ. ಸ್ಥಿರ ಮಸೂರವು ದೂರದ್ದನ್ನು ದೊಡ್ಡದಾಗಿ ತೋರಿಸುತ್ತದೆ, ಆದರೆ ಅದು ಜೂಮ್ ಅಲ್ಲ. 16–35 ಮಿ.ಮೀ. ಮಸೂರವು ಜೂಮ್ ಹೌದು, ಆದರೆ ದೂರದ ಹಕ್ಕಿಗೆ ಅದರಿಂದ ಉಪಯೋಗವಿಲ್ಲ.

ಸಂಗಮ ದೂರ ಮತ್ತು ಪ್ರತಿಬಿಂಬದ ಗಾತ್ರ

ದೂರದಲ್ಲಿರುವ ವಸ್ತುವಿನ ಪ್ರತಿಬಿಂಬದ ಗಾತ್ರವು ಸಂಗಮ ದೂರಕ್ಕೆ ನೇರ ಅನುಪಾತದಲ್ಲಿರುತ್ತದೆ. ವಿಜಯಪುರದ ಗೋಲಗುಮ್ಮಟದ ಎತ್ತರ ಸುಮಾರು 51 ಮೀಟರ್. ನೂರು ಮೀಟರ್ ದೂರದಿಂದ 24 ಮಿ.ಮೀ. ಸಂಗಮ ದೂರದಲ್ಲಿ ತೆಗೆದರೆ ಅದರ ಪ್ರತಿಬಿಂಬ ಸುಮಾರು 12 ಮಿ.ಮೀ. ಎತ್ತರ ಬರುತ್ತದೆ. ನಿಂತ ಜಾಗದಲ್ಲೇ ನಿಂತು 70 ಮಿ.ಮೀ.ಗೆ ತಿರುಗಿಸಿದರೆ ಅದು ಸುಮಾರು 36 ಮಿ.ಮೀ. ಆಗುತ್ತದೆ, ಅಂದರೆ 36×24 ಮಿ.ಮೀ. ಅಳತೆಯ ಸಂವೇದಕವನ್ನು ನೆಟ್ಟಗೆ ಹಿಡಿದಾಗ ಚೌಕಟ್ಟು ಪೂರ್ತಿ ತುಂಬುತ್ತದೆ. ಇದೇ ಸಂವೇದಕದಲ್ಲಿ ಕರ್ಣದ ನೋಟಕೋನವು 24 ಮಿ.ಮೀ.ಗೆ 84 ಡಿಗ್ರಿ, 50 ಮಿ.ಮೀ.ಗೆ ಸುಮಾರು 47 ಡಿಗ್ರಿ, 200 ಮಿ.ಮೀ.ಗೆ ಕೇವಲ 12 ಡಿಗ್ರಿ.

ಆದರೆ ಜೂಮ್ ಮಾಡುವುದೂ ನಡೆದು ಹತ್ತಿರ ಹೋಗುವುದೂ ಒಂದೇ ಅಲ್ಲ. ಗುಮ್ಮಟದ ಮುಂದೆ ವಸ್ತುಸಂಗ್ರಹಾಲಯವಿರುವ ನಗಾರಖಾನೆಯ ಕಟ್ಟಡವಿದೆ. ದೂರದಿಂದ ಅದರ ಮೇಲ್ಭಾಗದಲ್ಲಿ ಗುಮ್ಮಟ ಎದ್ದು ಕಾಣುತ್ತದೆ. ಹತ್ತಿರ ಹೋದಂತೆ ನಗಾರಖಾನೆಯೇ ದೊಡ್ಡದಾಗಿ ಗುಮ್ಮಟವನ್ನು ಮರೆಮಾಡುತ್ತದೆ. ಜೂಮ್ ಬಳೆಯನ್ನು ಎಷ್ಟು ತಿರುಗಿಸಿದರೂ ಇವೆರಡರ ಪರಸ್ಪರ ಪ್ರಮಾಣ ಬದಲಾಗುವುದಿಲ್ಲ. ಚಿತ್ರದ ಯಥಾದೃಷ್ಟಿಯನ್ನು ನಿರ್ಧರಿಸುವುದು ಛಾಯಾಗ್ರಾಹಕ ನಿಂತ ಸ್ಥಳವೇ ಹೊರತು ಮಸೂರವಲ್ಲ.

ಕಾರ್ಯವಿಧಾನ

ಪ್ರೌಢಶಾಲೆಯ ಪ್ರಯೋಗಾಲಯದ ಎರಡು ಮಸೂರಗಳಿಂದಲೇ ಇದರ ತತ್ತ್ವವನ್ನು ತಿಳಿಯಬಹುದು. 10 ಸೆಂ.ಮೀ. ಸಂಗಮ ದೂರದ ಪೀನ ಮಸೂರ ಮುಂದೆ, ಅಷ್ಟೇ ಸಂಗಮ ದೂರದ ನಿಮ್ನ ಮಸೂರ ಹಿಂದೆ ಇರಲಿ. ಎರಡನ್ನೂ ಒಂದಕ್ಕೊಂದು ತಾಗಿಸಿದರೆ ಅವುಗಳ ಸಾಮರ್ಥ್ಯ ಪರಸ್ಪರ ರದ್ದಾಗುತ್ತದೆ. ನಡುವೆ 5 ಸೆಂ.ಮೀ. ಅಂತರ ಕೊಟ್ಟರೆ ಜೋಡಿಯ ಸಂಗಮ ದೂರ 20 ಸೆಂ.ಮೀ.; ಅಂತರವನ್ನು 2.5 ಸೆಂ.ಮೀ.ಗೆ ಇಳಿಸಿದರೆ 40 ಸೆಂ.ಮೀ. ಗಾಜು ಅದೇ, ಅಂತರ ಮಾತ್ರ ಬೇರೆ.

ತೊಡಕು ಇರುವುದು ಇಲ್ಲಿಯೇ. ಮೊದಲನೆಯ ಜೋಡಣೆಯಲ್ಲಿ ಪ್ರತಿಬಿಂಬವು ನಿಮ್ನ ಮಸೂರದ ಹಿಂದೆ 10 ಸೆಂ.ಮೀ. ದೂರದಲ್ಲಿ, ಎರಡನೆಯದರಲ್ಲಿ 30 ಸೆಂ.ಮೀ. ದೂರದಲ್ಲಿ ಮೂಡುತ್ತದೆ. ಕ್ಯಾಮೆರಾದ ಸಂವೇದಕವಾದರೋ ಕದಲದೆ ಕುಳಿತಿರುತ್ತದೆ. ಆದ್ದರಿಂದ ಗಾತ್ರವನ್ನು ಬದಲಿಸುವ ಗುಂಪು ಚಲಿಸಿದಾಗ, ಪ್ರತಿಬಿಂಬವನ್ನು ಅದೇ ಸ್ಥಳದಲ್ಲಿ ಹಿಡಿದಿಡಲು ಇನ್ನೊಂದು ಗುಂಪು ಬೇರೆಯೇ ಲೆಕ್ಕದಲ್ಲಿ ಚಲಿಸಬೇಕು. ಕೊಳವೆಯಲ್ಲಿ ಕೊರೆದ ವಕ್ರವಾದ ಗಾಡಿಗಳು ಈ ಎರಡು ಚಲನೆಗಳನ್ನು ಹೊಂದಿಸುತ್ತವೆ. ಜೂಮ್ ಮಾಡುವಾಗಲೂ ನಾಟಿದ ಫೋಕಸ್ ಕದಲದಿರುವುದು ನಿಜವಾದ ಜೂಮ್‌ನ ಲಕ್ಷಣ. ಫೋಕಸ್ ತಪ್ಪುವ, ಮತ್ತೆ ಹೊಂದಿಸಬೇಕಾದ ಮಸೂರಗಳನ್ನು ವೆರಿಫೋಕಲ್ ಎಂದು ಪ್ರತ್ಯೇಕಿಸುತ್ತಾರೆ. ಸ್ಥಿರಚಿತ್ರಕ್ಕಾಗಿ ಮಾರುವ 'ಜೂಮ್'ಗಳಲ್ಲಿ ಅನೇಕವು ಈ ವರ್ಗದವು. ಸ್ವಯಂಚಾಲಿತ ಫೋಕಸ್ ಇರುವುದರಿಂದ ಇದು ಬಳಕೆದಾರರ ಗಮನಕ್ಕೆ ಬರುವುದಿಲ್ಲ.

ದ್ಯುತಿರಂಧ್ರ

ಎಫ್ ಸಂಖ್ಯೆಯೆಂದರೆ ಸಂಗಮ ದೂರವನ್ನು ದ್ಯುತಿರಂಧ್ರದ ವ್ಯಾಸದಿಂದ ಭಾಗಿಸಿದ ಫಲ. 70–200 ಮಿ.ಮೀ. ಎಫ್/2.8 ಮಸೂರಕ್ಕೆ 200 ಮಿ.ಮೀ.ನಲ್ಲಿ ಸುಮಾರು 71 ಮಿ.ಮೀ. ವ್ಯಾಸ ಬೇಕು. ಅದರ ತೂಕಕ್ಕೂ ಬೆಲೆಗೂ ಕಾರಣ ಇದೇ. ಕ್ಯಾಮೆರಾದೊಡನೆ ಬರುವ 18–55 ಮಿ.ಮೀ. ಎಫ್/3.5–5.6 ಮಸೂರ ಹಗುರ; ಆದರೆ 55ಕ್ಕೆ ತಿರುಗಿಸಿದೊಡನೆ ಸಂವೇದಕಕ್ಕೆ ಸಿಗುವ ಬೆಳಕು ಮೊದಲಿನ ಶೇ. 40ರಷ್ಟಕ್ಕೆ ಇಳಿಯುತ್ತದೆ. ಮಬ್ಬು ಬೆಳಕಿನ ಮದುವೆ ಮಂಟಪದಲ್ಲಿ ಧಾರೆಯ ಕ್ಷಣ ಕದಡಿಹೋಗುವುದು ಹೀಗೆಯೇ.

ವಿಪಥನ ಮತ್ತು ಕಂಪನ

ಪ್ರತಿ ಸಂಗಮ ದೂರದಲ್ಲೂ ವಿಪಥನದ ಪ್ರಮಾಣ ಬೇರೆಬೇರೆ. ವರ್ಣವಿಪಥನವನ್ನು ಕಡಿಮೆ ವರ್ಣವಿಭಜನೆಯ ಗಾಜು ಅಥವಾ ಫ್ಲೋರೈಟ್ ಹರಳಿನಿಂದಲೂ, ಗೋಳೀಯ ವಿಪಥನವನ್ನು ಅಗೋಳೀಯ ಮೇಲ್ಮೈಗಳಿಂದಲೂ ತಗ್ಗಿಸುತ್ತಾರೆ. ಲೇಪನವಿಲ್ಲದ ಗಾಜಿನ ಪ್ರತಿ ಮೇಲ್ಮೈಯೂ ಸುಮಾರು ಶೇ. 4ರಷ್ಟು ಬೆಳಕನ್ನು ಪ್ರತಿಫಲಿಸುವುದರಿಂದ, ಹದಿನೈದು ಇಪ್ಪತ್ತು ಗಾಜುಗಳ ಜೂಮ್ ಮಸೂರವು ಪ್ರತಿಫಲನ ನಿರೋಧಕ ಲೇಪನವಿಲ್ಲದೆ ಬಳಕೆಗೆ ಬರುತ್ತಿರಲಿಲ್ಲ. ಅಂತಹ ಲೇಪನವನ್ನು ಜರ್ಮನಿಯ ಝೈಸ್ ಸಂಸ್ಥೆಯ ಅಲೆಕ್ಸಾಂಡರ್ ಸ್ಮಾಕುಲಾ 1935ರಲ್ಲಿ ರೂಪಿಸಿದರು.

ಕಂಪನ ನಿವಾರಕವಿರುವ ಮಸೂರಗಳಲ್ಲಿ ಕೈಯ ನಡುಕವನ್ನು ಗ್ರಹಿಸಿ ಒಂದು ಗಾಜಿನ ಗುಂಪು ವಿರುದ್ಧ ದಿಕ್ಕಿಗೆ ಸರಿಯುತ್ತದೆ. ರಂಗನತಿಟ್ಟಿನ ದೋಣಿಯಲ್ಲಿ ತ್ರಿಪಾದಿ ನಿಲ್ಲದು, ದೂರವೂ ಕ್ಷಣಕ್ಷಣಕ್ಕೆ ಬದಲಾಗುತ್ತದೆ. ಅಲ್ಲಿ ಇಂತಹ ಜೂಮ್‌ಗೆ ಸಾಟಿಯಿಲ್ಲ. ಆದರೆ ರೆಕ್ಕೆ ಬಡಿಯುವ ಹಕ್ಕಿಯನ್ನು ಅದು ಹಿಡಿದು ನಿಲ್ಲಿಸಲಾರದು. ಅದಕ್ಕೆ ವೇಗದ ಷಟರ್ ಬೇಕು.

ಇತಿಹಾಸ

ಅಮೆರಿಕದ ಕ್ಲೈಲ್ ಆಲನ್ 1902ರಲ್ಲಿ ಜೂಮ್ ಮಸೂರಕ್ಕೆ ಪೇಟೆಂಟ್ ಪಡೆದರು. 35 ಮಿ.ಮೀ. ಸ್ಥಿರಚಿತ್ರ ಕ್ಯಾಮೆರಾಕ್ಕೆ ಬಂದ ಮೊದಲ ಪ್ರಸಿದ್ಧ ಜೂಮ್ 1959ರ ಫೋಕ್ಟ್‌ಲೆಂಡರ್ ಜೂಮಾರ್, 36–82 ಮಿ.ಮೀ. ಕಂಪನ ನಿವಾರಕವುಳ್ಳ ಜೂಮನ್ನು ಕ್ಯಾನನ್ 1995ರಲ್ಲಿ ತಂದಿತು. 1970ರ ದಶಕದ ಕನ್ನಡ ಚಲನಚಿತ್ರಗಳನ್ನು ನೋಡಿದವರಿಗೆ, ಪಾತ್ರದ ಮುಖದತ್ತ ಥಟ್ಟನೆ ನುಗ್ಗುವ ಜೂಮ್ ಪರಿಚಿತವೇ. ಅದರ ಅತಿಬಳಕೆ ಈಗ ನಗೆ ತರಿಸುತ್ತದೆ.

ಡಿಜಿಟಲ್ ಜೂಮ್

ಇದರಲ್ಲಿ ಮಸೂರದ ಪಾತ್ರವಿಲ್ಲ. ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸಲಾಗುತ್ತದೆ. ಎರಡು ಪಟ್ಟು ಹಿಗ್ಗಿಸಿದರೆ ಉಳಿಯುವುದು ಕಾಲು ಭಾಗ ಪಿಕ್ಸೆಲ್. ಮೊಬೈಲ್ ಜಾಹೀರಾತಿನ 'ನೂರು ಪಟ್ಟು' ಎಂಬುದನ್ನು ಓದುವಾಗ ಇದು ನೆನಪಿರಬೇಕು.

ಬಳಕೆಯಲ್ಲಿ ಎಚ್ಚರ

ಕನ್ನಡಿಯುಳ್ಳ ಕ್ಯಾಮೆರಾದ ಇಣುಕುಗಿಂಡಿಯಲ್ಲಿ ಜೂಮ್ ಮೂಲಕ ಸೂರ್ಯನನ್ನು, ಗ್ರಹಣದ ಸಮಯದಲ್ಲೂ, ನೋಡಬಾರದು. ಮಸೂರದ ಮುಂದೆ ಸೌರಶೋಧಕವಿಲ್ಲದಿದ್ದರೆ ಅಕ್ಷಿಪಟಲ ಶಾಶ್ವತವಾಗಿ ಸುಟ್ಟುಹೋಗಬಹುದು. ಉದ್ದವಾಗುವ ಕೊಳವೆಯ ಜೂಮ್‌ಗಳು ಪ್ರತಿ ತಿರುವಿಗೂ ಗಾಳಿಯನ್ನು ಒಳಗೆಳೆದುಕೊಳ್ಳುತ್ತವೆ. ಸಿಂದಗಿ, ಇಂಡಿ ಕಡೆಯ ಬೇಸಿಗೆಯ ಧೂಳಿನಲ್ಲಿ ಇದು ಸಣ್ಣ ವಿಷಯವಲ್ಲ. ಮಳೆಗಾಲದ ತೇವದಲ್ಲಿ ಗಾಜಿನ ಮೇಲೆ ಬೂಷ್ಟು ಹಿಡಿಯುತ್ತದೆ. ಹಳೆಯ ಜೂಮ್ ಕೊಳ್ಳುವವರು ಅದನ್ನು ಕ್ಯಾಮೆರಾದಿಂದ ಬಿಚ್ಚಿ, ಹಿಂಬದಿಯಿಂದ ಟಾರ್ಚ್ ಹಾಯಿಸಿ, ಎರಡೂ ತುದಿಗಳಿಗೆ ಬಳೆ ತಿರುಗಿಸುತ್ತ ನೋಡಬೇಕು. ಒಳಗೆ ಜೇಡರ ಬಲೆಯಂತಹ ಎಳೆಗಳು ಕಂಡರೆ ಅದು ಬೂಷ್ಟು.