ಅಮೂಲ್ಯ ರೆಡ್ಡಿ

ಅಮೂಲ್ಯ ಕುಮಾರ್ ನಾರಾಯಣ ರೆಡ್ಡಿ (21 ಅಕ್ಟೋಬರ್ 1930 – 7 ಮೇ 2006): ವಿದ್ಯುದ್ರಸಾಯನ ವಿಜ್ಞಾನಿ, ಹಳ್ಳಿಗಳ ಇಂಧನ ಬಳಕೆಯನ್ನು ಮನೆಮನೆಗೆ ಹೋಗಿ ಅಳೆದು ಅಧ್ಯಯನ ಮಾಡಿಸಿದ ಸಂಶೋಧಕ. ಹುಟ್ಟಿದ್ದು ಬೆಂಗಳೂರಿನಲ್ಲಿ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಡಾಕ್ಟರೇಟ್ ಪಡೆದರು. ಜಾನ್ ಬಾಕ್ರಿಸ್ ಜೊತೆ ಬರೆದ ಎರಡು ಸಂಪುಟಗಳ ‘ಮಾಡರ್ನ್ ಎಲೆಕ್ಟ್ರೋಕೆಮಿಸ್ಟ್ರಿ’ (1970) ಜಗತ್ತಿನ ಅನೇಕ ವಿಶ್ವವಿದ್ಯಾಲಯಗಳಲ್ಲಿ ಪಠ್ಯವಾಯಿತು. ಈ ಒಂದು ಪುಸ್ತಕದಿಂದಲೇ ಅವರ ಹೆಸರು ಉಳಿಯುತ್ತಿತ್ತು.

ಆದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದಾಗ, ಈ ವಿಜ್ಞಾನದಿಂದ ಹಳ್ಳಿಯ ಬಡವರಿಗೆ ಏನು ಸಿಕ್ಕಿತು ಎಂಬ ಪ್ರಶ್ನೆ ಅವರನ್ನು ಹಿಡಿದುಕೊಂಡಿತು. 1974ರಲ್ಲಿ ಅಲ್ಲಿಯೇ, ಹಳ್ಳಿಗಳಿಗೆ ವಿಜ್ಞಾನ, ತಂತ್ರಜ್ಞಾನ ಒಯ್ಯುವ ‘ಅಸ್ತ್ರ’ ಕೇಂದ್ರ ಆರಂಭವಾಯಿತು. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ವಿಸ್ತರಣಾ ಕೇಂದ್ರ ಬಂತು. ಹೆಚ್ಚು ಸೌದೆ ಉಳಿಸುವ ‘ಅಸ್ತ್ರ ಒಲೆ’ ಅಸ್ತ್ರ ಕೇಂದ್ರದ ಕೊಡುಗೆ.

ಉಂಗ್ರದ ಸುತ್ತಲಿನ ಹಳ್ಳಿಗಳಲ್ಲಿ ರೆಡ್ಡಿ ಮತ್ತು ಸಂಗಡಿಗರು ನಡೆಸಿದ ಸಮೀಕ್ಷೆ ಆ ಕಾಲಕ್ಕೆ ತೀರ ಹೊಸದು. ಎಷ್ಟು ಸೌದೆ ಉರಿಯುತ್ತದೆ, ಅದನ್ನು ತರುವವರು ಯಾರು, ಎಷ್ಟು ದೂರ ನಡೆಯುತ್ತಾರೆ ಎಂಬುದೆಲ್ಲ ಲೆಕ್ಕಕ್ಕೆ ಬಂತು. ಹಳ್ಳಿ ಬಳಸುವ ಇಂಧನದ ಬಹುಪಾಲು ಅಡುಗೆಗೆ ಹೋಗುವ ಸೌದೆಯೇ ಆಗಿತ್ತು. ವಿದ್ಯುತ್ತಿನ ಪಾಲು ತೀರ ಅಲ್ಪ. ಸೌದೆ ತರುವ ಹೆಂಗಸರ, ಮಕ್ಕಳ ದುಡಿಮೆ ಸರ್ಕಾರದ ಇಂಧನ ಅಂಕಿಅಂಶಗಳಲ್ಲಿ ಎಲ್ಲೂ ಕಾಣುತ್ತಿರಲಿಲ್ಲ. ಅದನ್ನು ಕಣ್ಣಿಗೆ ಕಾಣುವಂತೆ ಮಾಡಿದ್ದು ಈ ಅಧ್ಯಯನದ ದೊಡ್ಡ ಸಾಧನೆ ಎನ್ನಬೇಕು.

ಅದೇ ತಾಲ್ಲೂಕಿನ ಪುರ ಎಂಬ ಸಣ್ಣ ಊರಿನಲ್ಲಿ ಇಡೀ ಊರಿಗೊಂದು ಗೋಬರ್ ಗ್ಯಾಸ್ ಸ್ಥಾವರ ಕಟ್ಟಲಾಯಿತು. ಮೊದಲ ಉದ್ದೇಶ ಅಡುಗೆ ಅನಿಲ. ಸಗಣಿ ಅದಕ್ಕೆ ಸಾಲಲಿಲ್ಲ. ಊರವರಿಗೆ ಬೇಕಿದ್ದುದು ಒಳ್ಳೆಯ ಕುಡಿಯುವ ನೀರು. ತಂಡ ಯೋಜನೆಯನ್ನೇ ಬದಲಿಸಿತು. 1987ರಿಂದ ಆ ಅನಿಲ ಡೀಸೆಲ್ ಎಂಜಿನ್ ಓಡಿಸಿತು. ಕೊಳವೆ ಬಾವಿಯ ನೀರು ನಲ್ಲಿಗಳಿಗೆ ಬಂತು, ಮನೆಗಳಲ್ಲಿ ದೀಪ ಉರಿಯಿತು. ತಂದ ಸಗಣಿಯನ್ನು ತೂಗಿ ಹೊತ್ತವರಿಗೆ ಕೂಲಿ ಕೊಡುತ್ತಿದ್ದರು. ಅನಿಲ ತೆಗೆದ ಮೇಲಿನ ಬಗ್ಗಡ ಗೊಬ್ಬರವಾಗಿ ಅದೇ ಮನೆಗಳಿಗೆ ವಾಪಸಾಗುತ್ತಿತ್ತು. ಸಗಣಿ ಕಡಿಮೆಯಾದರೆ ನೀರೂ ಇಲ್ಲ, ದೀಪವೂ ಇಲ್ಲ, ಕೊಡದೆ ಉಳಿದವರ ಮನೆಗೂ ಇಲ್ಲ. ಸಾರ್ವಜನಿಕ ಆಸ್ತಿ ಹಾಳಾಗಿಯೇ ತೀರುತ್ತದೆ ಎಂಬ ವಾದಕ್ಕೆ ರೆಡ್ಡಿ ತಮ್ಮ ಬರಹದಲ್ಲಿ ಪುರವನ್ನೇ ಉತ್ತರವಾಗಿ ಮುಂದಿಟ್ಟರು.

ಜನರಿಗೆ ಬೇಕಾದದ್ದು ಬೇಯಿಸಿದ ಅನ್ನ, ಬೆಳಕು, ನೀರು. ಇಂಧನ ಅದಕ್ಕೆ ಸಾಧನ ಮಾತ್ರ ಎಂಬುದು ಅವರ ಚಿಂತನೆಯ ತಿರುಳು. ಬ್ರೆಜಿಲ್ಲಿನ ಗೋಲ್ಡೆಂಬರ್ಗ್, ಸ್ವೀಡನ್ನಿನ ಯೋಹಾನ್ಸನ್, ಅಮೆರಿಕದ ವಿಲಿಯಮ್ಸ್ ಜೊತೆಗೂಡಿ 1988ರಲ್ಲಿ ಪ್ರಕಟಿಸಿದ ‘ಎನರ್ಜಿ ಫಾರ್ ಎ ಸಸ್ಟೇನಬಲ್ ವರ್ಲ್ಡ್’ ಇದನ್ನೇ ಜಗತ್ತಿಗೆ ಅನ್ವಯಿಸಿತು. ನಾಲ್ವರಿಗೂ 2000ದಲ್ಲಿ ವೋಲ್ವೊ ಪರಿಸರ ಪ್ರಶಸ್ತಿ ಬಂತು. ಕರ್ನಾಟಕಕ್ಕೆ 2000ದ ಹೊತ್ತಿಗೆ ಬೇಕಾಗುತ್ತದೆಂದು ಅಧಿಕೃತ ಸಮಿತಿ ಅಂದಾಜಿಸಿದ ವಿದ್ಯುತ್ತಿನ ಅರ್ಧಕ್ಕಿಂತ ಕಡಿಮೆಯಲ್ಲಿ ಎಲ್ಲ ಮನೆಗಳಿಗೂ ಬೆಳಕು ಕೊಡಬಹುದೆಂದು ರೆಡ್ಡಿ ‘ಡಿಫೆಂಡಸ್’ ಎಂಬ ತಮ್ಮ ವಿಧಾನದಿಂದ ತೋರಿಸಿದರು. ದಕ್ಷ ಬಲ್ಬು, ಪಂಪ್‌ಸೆಟ್‌ಗಳು ಮತ್ತು ಸೌರ ನೀರು ಕಾಯಿಸುವ ಸಾಧನಗಳು ಆ ಲೆಕ್ಕದ ಮುಖ್ಯ ಭಾಗ. ನಿವೃತ್ತಿಯ ನಂತರ ಇಂಟರ್‌ನ್ಯಾಷನಲ್ ಎನರ್ಜಿ ಇನಿಶಿಯೇಟಿವ್ ಸಂಸ್ಥೆಯನ್ನು ಕಟ್ಟಿದರು. ಕೈಗಾದ ಅಣುವಿದ್ಯುತ್ತಿನ ವೆಚ್ಚವನ್ನು ರಾಯಚೂರಿನ ಶಾಖೋತ್ಪನ್ನ ವಿದ್ಯುತ್ತಿನ ವೆಚ್ಚದೊಡನೆ ಹೋಲಿಸಿದ, ಸಹೋದ್ಯೋಗಿಗಳ ಜೊತೆ ಬರೆದ ಪ್ರಬಂಧ 2005ರಲ್ಲಿ, ಅವರು ತೀರಿಕೊಳ್ಳುವ ಹಿಂದಿನ ವರ್ಷ ಪ್ರಕಟವಾಯಿತು.