ಕೀಲಿಗೆ ಅಕ್ಷರ ಗೊತ್ತಿಲ್ಲ: ಕನ್ನಡ ಕೀಲಿಮಣೆ ನಡೆದು ಬಂದ ದಾರಿ

ಗಣಕದ ಕೀಲಿಮಣೆಯ ಬಿಡಿಭಾಗಗಳನ್ನು ತರಿಸಿಕೊಂಡು ಕೈಯಾರೆ ಜೋಡಿಸುವ ಹವ್ಯಾಸವೊಂದು ಈಚಿನ ವರ್ಷಗಳಲ್ಲಿ ಬೆಳೆದಿದೆ. ಪೆಟ್ಟಿಗೆ ಬಿಚ್ಚಿದರೆ ಒಂದು ಸರ್ಕ್ಯೂಟ್ ಫಲಕ, ಒಂದು ಲೋಹದ ತಟ್ಟೆ, ಅರವತ್ತಕ್ಕೂ ಹೆಚ್ಚು ಸ್ವಿಚ್ಚುಗಳು, ಅವುಗಳ ಮೇಲೆ ಕೂರಿಸಲು ಅಷ್ಟೇ ಟೋಪಿಗಳು ಸಿಗುತ್ತವೆ. ಸ್ವಿಚ್ಚುಗಳೆಲ್ಲ ಒಂದೇ ಬಗೆಯವು. ಯಾವುದನ್ನು ಎಲ್ಲಿ ಬೇಕಾದರೂ ಕೂರಿಸಬಹುದು. ಅಕ್ಷರ ಕೆತ್ತಿರುವುದು ಟೋಪಿಯ ಮೇಲೆ ಮಾತ್ರ, ಟೋಪಿಯನ್ನು ಕಿತ್ತು ಬೇರೆ ಕಡೆ ಇಟ್ಟರೂ ಯಂತ್ರಕ್ಕೆ ಏನೂ ತಿಳಿಯುವುದಿಲ್ಲ. ಕೀಲಿಗೂ ಅಕ್ಷರಕ್ಕೂ ಇದ್ದ ಗಂಟು ಹೀಗೆ ಸಡಿಲಗೊಳ್ಳಲು ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. ಅದರಿಂದ ಕನ್ನಡಕ್ಕಾದ ಲಾಭ ಇಂಗ್ಲಿಷಿಗೆ ಆದುದಕ್ಕಿಂತ ದೊಡ್ಡದು.

ಬೆರಳಚ್ಚು ಯಂತ್ರದಲ್ಲಿ ಈ ಗಂಟು ಉಕ್ಕಿನದಾಗಿತ್ತು. ಅಮೆರಿಕದ ಶೋಲ್ಸ್ ಮತ್ತು ಸಂಗಡಿಗರು 1868ರಲ್ಲಿ ಪೇಟೆಂಟ್ ಪಡೆದ ಯಂತ್ರ 1874ರಲ್ಲಿ ರೆಮಿಂಗ್‌ಟನ್ ಕಂಪನಿಯ ಮೂಲಕ ಮಾರುಕಟ್ಟೆಗೆ ಬಂತು. ಕೀಲಿ ಒತ್ತಿದರೆ ಸನ್ನೆಕೋಲಿನ ತುದಿಯಲ್ಲಿದ್ದ ಅಚ್ಚು ಎದ್ದು ಕಾಗದಕ್ಕೆ ಬಡಿಯುತ್ತಿತ್ತು. ಒಂದು ಕೋಲಿಗೆ ಒಂದು ಅಚ್ಚು. ಮುಂದೆ ಶಿಫ್ಟ್ ಕೀಲಿ ಬಂದ ಮೇಲೆ ಎರಡು. ಇಪ್ಪತ್ತಾರು ಅಕ್ಷರಗಳ ಭಾಷೆಗೆ ಇದು ಸಾಕು.

ಕನ್ನಡದ ಲೆಕ್ಕವೇ ಬೇರೆ. ಶಿಕ್ಷಕರು ಇದನ್ನು ತರಗತಿಯಲ್ಲಿ ಮಾಡಿಸಿ ನೋಡಬಹುದು. ವ್ಯಂಜನಗಳು 34, ಒಂದೊಂದಕ್ಕೂ ‘ಕ’ದಿಂದ ‘ಕಃ’ವರೆಗೆ 15 ರೂಪಗಳು. ಅಲ್ಲಿಗೇ 510 ಆಯಿತು. ಪ್ರತಿ ವ್ಯಂಜನಕ್ಕೆ ಒಂದೇ ಒಂದು ಒತ್ತು ಸೇರಿಸಿದರೂ 34 × 34 × 15, ಅಂದರೆ 17,340. ಇವುಗಳಲ್ಲಿ ಹೆಚ್ಚಿನವು ಯಾವ ಪದದಲ್ಲೂ ಬರುವುದಿಲ್ಲ, ನಿಜ. ಆದರೆ ಬರುವಷ್ಟಕ್ಕೇ ಕೋಲು ಹೊಂದಿಸಿದರೂ ಯಂತ್ರ ಮೇಜಿನ ಮೇಲೆ ಹಿಡಿಯದು.

ಕನ್ನಡ ಬೆರಳಚ್ಚು ಯಂತ್ರದ ಕೀಲಿಮಣೆಯನ್ನು ಹೊಂದಿಸಿದವರೆಂದು ಅನಂತಸುಬ್ಬರಾವ್ ಅವರನ್ನು ನೆನೆಯುತ್ತಾರೆ. ಅಲ್ಲಿ ಅನುಸರಿಸಿದ ಉಪಾಯ ಅಕ್ಷರಗಳನ್ನು ಆಕಾರದ ತುಂಡುಗಳಾಗಿ ಒಡೆಯುವುದು. ಮೂಲ ರೂಪ ಒಂದು ಕೀಲಿಯಲ್ಲಿ, ಗುಣಿತದ ಚಿಹ್ನೆ ಇನ್ನೊಂದರಲ್ಲಿ, ಒತ್ತು ಮತ್ತೊಂದರಲ್ಲಿ. ಕೆಲವು ಕೀಲಿಗಳನ್ನು ಒತ್ತಿದರೆ ಕಾಗದದ ಗಾಡಿ ಮುಂದಕ್ಕೆ ಸರಿಯದೆ ಅಲ್ಲೇ ನಿಲ್ಲುತ್ತಿತ್ತು, ಮುಂದಿನ ತುಂಡು ಅದೇ ಜಾಗದಲ್ಲಿ ಕೂರುತ್ತಿತ್ತು. ಬೆರಳಚ್ಚುಗಾರ ಬರೆಯುತ್ತಿರಲಿಲ್ಲ, ಅಕ್ಷರಗಳನ್ನು ಕಟ್ಟುತ್ತಿದ್ದ! ಹತ್ತಾರು ವರ್ಷ ಸರ್ಕಾರಿ ಕಚೇರಿಗಳ ಕನ್ನಡ ನಡೆದದ್ದು ಈ ಜಾಣ್ಮೆಯ ಮೇಲೆ. ಇದಕ್ಕಿಂತ ಮುಂದೆ ಹೋಗಲು ಯಂತ್ರದಲ್ಲಿ ದಾರಿ ಇರಲಿಲ್ಲ, ಏಕೆಂದರೆ ಕೀಲಿಯ ಕೊನೆಯಲ್ಲಿ ಅಚ್ಚು ಬೆಸೆದುಕೊಂಡಿತ್ತು.

ಆ ಬೆಸುಗೆ ಬಿಟ್ಟದ್ದು ವಿದ್ಯುನ್ಮಾನ ಕೀಲಿಮಣೆಯಲ್ಲಿ. ಕಿಟ್ ಜೋಡಿಸುವವರಿಗೆ ಇದು ಕಣ್ಣಿಗೇ ಕಾಣುತ್ತದೆ. ಫಲಕದಲ್ಲಿ ತಂತಿಗಳು ಅಡ್ಡಸಾಲು ಮತ್ತು ಕಂಬಸಾಲುಗಳಾಗಿ ಹಾಯುತ್ತವೆ. 5 ಅಡ್ಡಸಾಲು, 14 ಕಂಬಸಾಲು ಇದ್ದರೆ 70 ಛೇದನ ಬಿಂದುಗಳು. 70 ಕೀಲಿಗಳಿಗೆ 19 ಸಂಪರ್ಕಗಳು ಸಾಕು. ಒಂದು ಚಿಕ್ಕ ನಿಯಂತ್ರಕ ಚಿಪ್ಪು ಸಾಲುಗಳನ್ನು ಒಂದಾದ ಮೇಲೊಂದರಂತೆ ಸೆಕೆಂಡಿಗೆ ನೂರಾರು ಬಾರಿ ಪರೀಕ್ಷಿಸಿ, ಯಾವ ಬಿಂದುವಿನಲ್ಲಿ ಸಂಪರ್ಕವಾಗಿದೆ ಎಂದು ನೋಡುತ್ತದೆ. ಆಯತವೊಂದರ ಮೂರು ಮೂಲೆಗಳ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ವಿದ್ಯುತ್ತು ಸುತ್ತುಬಳಸಿ ಹರಿದು, ಒತ್ತದ ನಾಲ್ಕನೆಯದೂ ಒತ್ತಿದಂತೆ ತೋರುತ್ತದೆ. ಇದನ್ನು ತಡೆಯಲು ಪ್ರತಿ ಕೀಲಿಗೆ ಒಂದು ಡಯೋಡ್. ಇನ್ನೊಂದು ತೊಡಕು, ಲೋಹದ ಪಟ್ಟಿಗಳು ಕೂಡುವಾಗ ಕೆಲವು ಮಿಲಿಸೆಕೆಂಡುಗಳ ಕಾಲ ಕಂಪಿಸುತ್ತವೆ; ಒಂದು ಒತ್ತು ಹಲವಾಗಿ ಎಣಿಕೆಯಾಗದಂತೆ ಚಿಪ್ಪು ಅಷ್ಟು ಹೊತ್ತು ತಾಳಿ ನಿರ್ಧರಿಸುತ್ತದೆ.

ಸ್ವಿಚ್ಚಿನ ಕಥೆಯೂ ಸ್ವಾರಸ್ಯವಾಗಿದೆ. 1985ರ ಐಬಿಎಂ ಮಾಡೆಲ್ ಎಂ ಕೀಲಿಮಣೆಯಲ್ಲಿ ಸುರುಳಿ ಸ್ಪ್ರಿಂಗು ಬಾಗಿ ಚಟ್ಟೆಂದು ಸದ್ದು ಮಾಡುತ್ತಿತ್ತು. ಅದೇ ದಶಕದಲ್ಲಿ ಚೆರ್ರಿ ಕಂಪನಿಯ ಎಂಎಕ್ಸ್ ಸ್ವಿಚ್ಚು ಬಂತು. ಅದರ ದಂಡ ಕೆಳಗಿಳಿಯುವುದು ಒಟ್ಟು 4 ಮಿಲಿಮೀಟರ್, ಸಂಪರ್ಕವಾಗುವುದು ಸುಮಾರು 2 ಮಿಲಿಮೀಟರಿನಲ್ಲಿ. ಆಮೇಲೆ ಅಗ್ಗದ ರಬ್ಬರ್ ಗುಮ್ಮಟಗಳು ಇವೆಲ್ಲವನ್ನೂ ಮೂಲೆಗೊತ್ತಿದವು. ಚೆರ್ರಿಯ ಪೇಟೆಂಟಿನ ಅವಧಿ ಮುಗಿದ ಮೇಲೆ ಚೀನಾದ ತಯಾರಕರು ಅದೇ ಮಾದರಿಯನ್ನು ನಾನಾ ಬಗೆಗಳಲ್ಲಿ ಮಾಡತೊಡಗಿದರು, ಕಿಟ್‌ಗಳ ಹವ್ಯಾಸ ಹಬ್ಬಿತು. ಸ್ಪ್ರಿಂಗಿನ ಬಿಗಿ, ಸದ್ದು, ಎಣ್ಣೆ ಸವರುವ ಬಗೆ ಇವುಗಳ ಚರ್ಚೆಯಲ್ಲೇ ಹವ್ಯಾಸಿಗಳು ಮುಳುಗಿರುತ್ತಾರೆ. ನಮಗೆ ಮುಖ್ಯವಾದದ್ದು ಅದಲ್ಲ, ಕೀಲಿಮಣೆ ಗಣಕಕ್ಕೆ ಏನನ್ನು ಕಳಿಸುತ್ತದೆ ಎಂಬುದು.

ಅದು ಕಳಿಸುವುದು ಅಕ್ಷರವನ್ನಲ್ಲ, ಒಂದು ಸಂಖ್ಯೆಯನ್ನು. ಯುಎಸ್‌ಬಿ ಕೀಲಿಮಣೆಯಲ್ಲಿ ಇಂಗ್ಲಿಷಿನ ‘ಎ’ ಇರುವ ಕೀಲಿಯ ಸಂಖ್ಯೆ 4, ‘ಎಫ್’ನದು 9, ‘ಕೆ’ಯದು 14. ಆ ಸಂಖ್ಯೆಗೆ ಯಾವ ಅಕ್ಷರ ಎಂದು ತೀರ್ಮಾನಿಸುವುದು ಗಣಕದೊಳಗಿನ ತಂತ್ರಾಂಶ. ಅಂದಮೇಲೆ ಕನ್ನಡಕ್ಕೆ ಬೇರೆ ಯಂತ್ರವೇ ಬೇಡ, ಒಳ್ಳೆಯ ಹೊಂದಿಕೆಯೊಂದು ಇದ್ದರೆ ಸಾಕು.

ಈ ಹೊಂದಿಕೆಯನ್ನು ಸೊಗಸಾಗಿ ಕಂಡುಕೊಟ್ಟವರು ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ಕೆ.ಪಿ. ರಾವ್. ಮಂಗಳೂರಿನ ಸಮೀಪದ ಕಿನ್ನಿಕಂಬಳದವರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು, ಅಚ್ಚುಮೊಳೆ ಜೋಡಣೆಯ ತಂತ್ರವನ್ನೂ ಬಲ್ಲವರು. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ ‘ಸೇಡಿಯಾಪು’ ಎಂಬ ಕನ್ನಡ ತಂತ್ರಾಂಶವನ್ನು ರೂಪಿಸಿದರು. ಬೆರಳಚ್ಚು ಯಂತ್ರ ಆಕಾರವನ್ನು ಒಡೆದಿತ್ತು. ರಾಯರು ಒಡೆದದ್ದು ಧ್ವನಿಯನ್ನು. ‘ಕೆ’ ಕೀಲಿಗೆ ಕ, ಶಿಫ್ಟ್ ಜೊತೆ ಒತ್ತಿದರೆ ಖ. ಸ್ವರದ ಕೀಲಿ ಪದದ ಮೊದಲಲ್ಲಿ ಸ್ವರ, ವ್ಯಂಜನದ ನಂತರ ಬಂದರೆ ತಾನಾಗಿ ಗುಣಿತ. ಒತ್ತಕ್ಷರ ಬೇಕಾದಾಗ ನಡುವೆ ‘ಎಫ್’ ಕೀಲಿ. ಇಪ್ಪತ್ತಾರು ಕೀಲಿಗಳಲ್ಲಿ ಕನ್ನಡ ವರ್ಣಮಾಲೆ ಅಡಗಿತು, 17,340ರ ಭೂತ ಅಲ್ಲಿಗೆ ಮಾಯ!

‘ಅಕ್ಕ’ ಎಂದು ಬರೆಯುವಾಗ ಕೀಲಿಮಣೆ ಕಳಿಸುವುದು 4, 14, 9, 14. ತಂತ್ರಾಂಶ ಅದನ್ನು ಯೂನಿಕೋಡಿನ ಸಂಖ್ಯೆಗಳಾದ 3205, 3221, 3277, 3221 ಎಂದು ಬದಲಿಸುತ್ತದೆ. ಅಕ್ಷರದ ಚಿತ್ರ ಮೂಡುವುದು ಇನ್ನೂ ಆಮೇಲೆ, ಅಕ್ಷರಶೈಲಿಯ ಕಡತದಿಂದ. ಕನ್ನಡದ ವ್ಯಂಜನದಲ್ಲಿ ‘ಅ’ಕಾರ ಇದ್ದೇ ಇರುತ್ತದೆ ಎಂಬುದನ್ನು ರಾಯರು ಬಳಸಿಕೊಂಡ ಬಗೆಯನ್ನೂ ಗಮನಿಸಬೇಕು. ‘ಕಮಲ’ ಬರೆಯಲು ಇಲ್ಲಿ ಮೂರು ಒತ್ತು. ಇಂಗ್ಲಿಷ್ ಉಚ್ಚಾರಣೆಯಂತೆ ಬರೆಯುವ ಕ್ರಮದಲ್ಲಿ ಆರು.

ಇದೇ ಕಾಲದಲ್ಲಿ ಬೇರೊಂದು ವಿನ್ಯಾಸವೂ ಇತ್ತು. ಭಾರತೀಯ ಭಾಷೆಗಳಿಗೆಲ್ಲ ಒಂದೇ ಕ್ರಮ ಇರಲೆಂದು ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ರೂಪಿಸಿದ ‘ಇನ್‌ಸ್ಕ್ರಿಪ್ಟ್’ 1991ರಲ್ಲಿ ಭಾರತೀಯ ಮಾನಕ ಬ್ಯೂರೋದ ಮಾನಕದಲ್ಲಿ ಸೇರಿತು. ಎಡಗೈಗೆ ಸ್ವರ, ಬಲಗೈಗೆ ವ್ಯಂಜನ. ಕರ್ನಾಟಕ ಸರ್ಕಾರ ಮಾತ್ರ ರಾಯರ ವಿನ್ಯಾಸವನ್ನು ಒಪ್ಪಿಕೊಂಡಿತು, ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ಅದನ್ನು ಕಚೇರಿಗಳಿಗೆ ಒಯ್ದಿತು. ಆ ವರ್ಷಗಳಲ್ಲೇ ‘ಭೂಮಿ’ ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಏರಿದವು. ಎಚ್.ಡಿ. ಕೋಟೆಯಿಂದ ಮಾನಂತವಾಡಿ ಕಡೆಗೆ ಹೋಗುವ ದಾರಿಯಲ್ಲಿರುವ ಅಂತರಸಂತೆ ಹೋಬಳಿಯ ರೈತನ ಹೆಸರೂ ಸರ್ವೆ ನಂಬರೂ ಒಂದೊಂದು ಕೀಲಿಯಾಗಿ ಒತ್ತಿದ್ದೇ. ಹೆಸರಿನಲ್ಲಿ ಒಂದು ಒತ್ತು ತಪ್ಪಿದರೆ ರೈತ ತಾಲ್ಲೂಕು ಕಚೇರಿಗೆ ಅಲೆಯಬೇಕು. ಕೀಲಿಮಣೆಯ ವಿನ್ಯಾಸ ಬರೀ ತಂತ್ರಜ್ಞರ ಹರಟೆಯಲ್ಲ ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ರಾಯರ ವಿನ್ಯಾಸಕ್ಕೆ ಒಂದು ಆಕ್ಷೇಪ ಉಂಟು, ಅದನ್ನು ತಳ್ಳಿಹಾಕುವಂತಿಲ್ಲ. ‘ಕೆ’ ಎಂಬ ಇಂಗ್ಲಿಷ್ ಅಕ್ಷರ ಗೊತ್ತಿರುವವನಿಗೆ ಅಲ್ಲಿ ಕ ಇರುವುದು ಸಹಜ. ಅಂತರಸಂತೆಯ ಕನ್ನಡ ಶಾಲೆಯಲ್ಲಿ ಒಂದನೆಯ ತರಗತಿಯ ಮಗುವಿಗೆ? ಕನ್ನಡ ಬರೆಯಲು ಮೊದಲು ಇಂಗ್ಲಿಷ್ ಗುರುತಿಸಬೇಕಾದ ವಿಚಿತ್ರ ಸ್ಥಿತಿ ಅದರದು. ಇನ್‌ಸ್ಕ್ರಿಪ್ಟ್‌ಗೆ ಈ ಹಂಗಿಲ್ಲ, ಆದರೆ ಕಲಿಯಲು ಹೆಚ್ಚು ದಿನ ಬೇಕು. ನನ್ನ ಮಟ್ಟಿಗೆ, ತೊಡಕು ವಿನ್ಯಾಸದಲ್ಲಿಲ್ಲ, ಟೋಪಿಯಲ್ಲಿದೆ. ಕಿಟ್ ಜೋಡಿಸಬಲ್ಲ ಪ್ರೌಢಶಾಲೆಯ ವಿದ್ಯಾರ್ಥಿಗಳು ತಮ್ಮ ಶಾಲೆಯ ಚಿಕ್ಕ ಮಕ್ಕಳಿಗೆ ಕನ್ನಡ ಟೋಪಿಗಳ ಕೀಲಿಮಣೆ ಮಾಡಿಕೊಡಬಹುದು. ಪಿಬಿಟಿ ಪ್ಲಾಸ್ಟಿಕ್ಕಿಗೆ ಶಾಖದಿಂದ ಬಣ್ಣ ಇಳಿಸಿದರೆ ಅಕ್ಷರ ಬೇಗ ಸವೆಯದು. ಅಕ್ಷರಗಳಿಗೆ ಬೇಕಾದದ್ದು ಇಪ್ಪತ್ತಾರೇ ಟೋಪಿ. ಕೆಳಗೆ ಕ, ಮೇಲೆ ಖ, ಹೀಗೆ.

ಕಷ್ಟ ಇರುವುದು ‘ಎಫ್’ ಟೋಪಿಯೊಂದರಲ್ಲಿ. ಅಲ್ಲಿ ಕೆತ್ತಲು ಅಕ್ಷರವಿಲ್ಲ, ಅದು ಎರಡು ವ್ಯಂಜನಗಳನ್ನು ಬೆಸೆಯುವ ಕೊಂಡಿ ಮಾತ್ರ. ಚುಕ್ಕಿಗಳ ವೃತ್ತದ ಮೇಲೆ ಅರ್ಧಾಕ್ಷರದ ಚಿಹ್ನೆ ಹಾಕಬಹುದು, ಮಕ್ಕಳಿಗೆ ಅದು ಅರ್ಥವಾಗದೇ ಹೋಗಬಹುದು. ಏನನ್ನೂ ಕೆತ್ತದೆ ಬಿಟ್ಟರೂ ನಡೆಯುತ್ತದೆ. ಇಂಗ್ಲಿಷ್ ಬೆರಳಚ್ಚಿನವರು ನೋಡದೆ ಬೆರಳಿಡಲೆಂದು ‘ಎಫ್’ ಮತ್ತು ‘ಜೆ’ ಟೋಪಿಗಳ ಮೇಲೆ ಒಂದೊಂದು ಉಬ್ಬುಗೆರೆ ಇರುತ್ತದೆ. ಎಡಗೈ ತೋರುಬೆರಳು ಯಾವಾಗಲೂ ಕೂತಿರುವ ಆ ಗೆರೆಯ ಕೆಳಗೇ ಕನ್ನಡದ ಒತ್ತಕ್ಷರಗಳೆಲ್ಲ ಕಾದಿರುತ್ತವೆ.