ಖಜಾಂಚಿಯ ರಾಜಕಾರಣ: ಶಾಮನೂರು ಶಿವಶಂಕರಪ್ಪನವರ ಪಕ್ಷ ನಾಯಕತ್ವ

ಕರ್ನಾಟಕದ ಕಾಂಗ್ರೆಸ್ ಚರಿತ್ರೆಯನ್ನು ಮುಖ್ಯಮಂತ್ರಿಗಳ, ಪ್ರದೇಶ ಅಧ್ಯಕ್ಷರ ಸರದಿಯಾಗಿ ಬರೆಯುವುದೇ ರೂಢಿ. ಪಕ್ಷದ ಹಣಕಾಸು ನೋಡಿಕೊಂಡವರಿಗೆ ಅಲ್ಲಿ ಅಡಿಟಿಪ್ಪಣಿಯೂ ಸಿಗುವುದಿಲ್ಲ. ದೀರ್ಘಕಾಲ ಕರ್ನಾಟಕ ಪ್ರದೇಶ ಕಾಂಗ್ರೆಸ್ ಸಮಿತಿಯ (ಕೆಪಿಸಿಸಿ) ಖಜಾಂಚಿಯಾಗಿದ್ದ ದಾವಣಗೆರೆಯ ಶಾಮನೂರು ಶಿವಶಂಕರಪ್ಪನವರ (1931–2025) ಬದುಕು ಈ ರೂಢಿಯ ಕೊರತೆಯನ್ನು ತೋರಿಸುತ್ತದೆ.

ಅವರು ಬೆಳೆದ ದಾವಣಗೆರೆ ಹತ್ತಿ ಗಿರಣಿಗಳ ಊರು. ನಿಟ್ಟುವಳ್ಳಿಯಂಥ ಹಳ್ಳಿಗಳನ್ನು ಒಳಗೆಳೆದುಕೊಂಡು ನಗರ ಹಬ್ಬಿತು. ಅಲ್ಲಿನ ಇಎಸ್‌ಐ ಆಸ್ಪತ್ರೆ ಇಂದಿಗೂ ಕಾರ್ಮಿಕರ ಕಾಲವನ್ನು ನೆನಪಿಸುತ್ತದೆ. ಆ ಕಾಲದ ಮತ ಯಾರ ಕಡೆಗಿತ್ತು ಎಂಬುದಕ್ಕೆ ಸಿಪಿಐನ ಪಂಪಾಪತಿಯವರೇ ಸಾಕ್ಷಿ. ಕಾರ್ಮಿಕ ಮುಖಂಡರಾದ ಅವರು 1978, 1983, 1985ರಲ್ಲಿ ಸತತವಾಗಿ ಶಾಸಕರಾದರು. ರಾಜ್ಯವೆಲ್ಲ ಇಂದಿರಾ, ಆಮೇಲೆ ಜನತಾ ಎನ್ನುತ್ತಿದ್ದಾಗ ಕೆಂಬಾವುಟ ಹಿಡಿದ ಊರಿದು. ಮುಂದೆ ಗಿರಣಿಗಳು ಒಂದೊಂದಾಗಿ ಬಾಗಿಲು ಮುಚ್ಚಿದವು, ಸಂಘದ ಬಲವೂ ಕರಗಿತು.

ಆ ಜಾಗವನ್ನು ತುಂಬಿದ್ದು ಕಾಲೇಜುಗಳು. 1958ರಲ್ಲಿ ಆರಂಭವಾದ ಬಾಪೂಜಿ ವಿದ್ಯಾಸಂಸ್ಥೆಯ ಆಶ್ರಯದಲ್ಲಿ 1965ರಲ್ಲಿ ಜೆಜೆಎಂ ವೈದ್ಯಕೀಯ ಕಾಲೇಜು, 1979ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂದವು. ಸಂಸ್ಥೆಯ ಗೌರವ ಕಾರ್ಯದರ್ಶಿಯಾಗಿ ಶಾಮನೂರು ದಶಕಗಟ್ಟಲೆ ಅದರ ಚುಕ್ಕಾಣಿ ಹಿಡಿದರು. ಅವರು 1994ರಲ್ಲಿ ವಿಧಾನಸಭೆಗೆ ಆರಿಸಿಬಂದಾಗ ವಯಸ್ಸು ಅರವತ್ತಮೂರು. ಹೆಚ್ಚಿನವರು ರಾಜಕೀಯದಿಂದ ಹಿಂದೆ ಸರಿಯುವ ಹೊತ್ತು ಅದು. ಕೆಲಸ ಕೊಡುವ, ಸೀಟು ಕೊಡುವ ಶಕ್ತಿ ಮೊದಲು ಕೈಸೇರಿತು, ಶಾಸಕ ಸ್ಥಾನ ಅದರ ಬೆನ್ನಿಗೆ ಬಂತು ಎಂದೇ ನನ್ನ ತೀರ್ಮಾನ.

ಚುನಾವಣೆಯ ಏರಿಳಿತವನ್ನು ಚುಟುಕಾಗಿ ಹೇಳಬಹುದು. 1998ರಲ್ಲಿ ಲೋಕಸಭೆಗೆ ಗೆದ್ದರು, ಮರುವರ್ಷವೇ ಆ ಸ್ಥಾನ ಬಿಜೆಪಿಯ ಜಿ. ಮಲ್ಲಿಕಾರ್ಜುನಪ್ಪನವರ ಪಾಲಾಯಿತು. 2004ರಲ್ಲಿ ಮತ್ತೆ ವಿಧಾನಸಭೆ. ಕ್ಷೇತ್ರ ಪುನರ್ವಿಂಗಡಣೆಯ ನಂತರ 2008, 2013, 2018, 2023ರಲ್ಲಿ ದಾವಣಗೆರೆ ದಕ್ಷಿಣ. ಮಂತ್ರಿಗಿರಿ ಸಿಕ್ಕಿದ್ದು 2013ರಲ್ಲಿ, ತೋಟಗಾರಿಕೆ ಮತ್ತು ಎಪಿಎಂಸಿ ಖಾತೆ. 2016ರ ಜೂನ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಶಾಮನೂರು ಅವರನ್ನು ಕೈಬಿಟ್ಟು ಅದೇ ತೋಟಗಾರಿಕೆಯನ್ನು ಮಗ ಎಸ್.ಎಸ್. ಮಲ್ಲಿಕಾರ್ಜುನ್‌ಗೆ ಕೊಟ್ಟರು. ತಂದೆಯನ್ನು ಇಳಿಸಿದರೂ ಮನೆತನವನ್ನು ಬಿಡಲಾಗದ ಸ್ಥಿತಿ ಹೈಕಮಾಂಡಿಗಿತ್ತೆಂಬುದು ಇದರಲ್ಲೇ ಗೊತ್ತಾಗುತ್ತದೆ. 2024ರಲ್ಲಿ ಸೊಸೆ ಪ್ರಭಾ ಮಲ್ಲಿಕಾರ್ಜುನ್ ಸಂಸದೆಯಾದರು. ಇದನ್ನು ಕುಟುಂಬ ರಾಜಕಾರಣ ಎನ್ನಲು ಹಿಂಜರಿಯಬೇಕಾಗಿಲ್ಲ.

ಆದರೆ ಶಾಮನೂರು ಪಕ್ಷದ ಮುಂದೆ ತಲೆಬಾಗಿದವರಲ್ಲ. ಅಖಿಲ ಭಾರತ ವೀರಶೈವ ಮಹಾಸಭಾದ ಅಧ್ಯಕ್ಷರಾಗಿ ವೀರಶೈವ, ಲಿಂಗಾಯತ ಎರಡೂ ಒಂದೇ ಎಂದು ಪಟ್ಟುಹಿಡಿದರು. ಲಿಂಗಾಯತರಿಗೆ ಪ್ರತ್ಯೇಕ ಧರ್ಮದ ಮಾನ್ಯತೆ ನೀಡುವ ವಿಚಾರದಲ್ಲಿ ಸ್ವಂತ ಸರ್ಕಾರದ ನಡೆಯನ್ನೇ ಒಪ್ಪಲಿಲ್ಲ. ಜಾತಿ ಗಣತಿ ವರದಿಯನ್ನೂ ಬಹಿರಂಗವಾಗಿ ವಿರೋಧಿಸಿದರು. ಬೇರೆ ಶಾಸಕರು ಹೀಗೆ ಮಾತಾಡಿದ್ದರೆ ನೋಟಿಸ್ ಹೋಗುತ್ತಿತ್ತೇನೋ. 2024ರ ಚುನಾವಣೆಯಲ್ಲಿ ಸೊಸೆಯ ಎದುರಾಳಿಯಾಗಿದ್ದ ಮಹಿಳಾ ಅಭ್ಯರ್ಥಿಯನ್ನು ಅಡುಗೆಮನೆಗೆ ಸೀಮಿತಗೊಳಿಸಿ ಆಡಿದ ಮಾತು ಮಾತ್ರ ಸಮರ್ಥನೆಗೆ ಮೀರಿದ್ದು.

2025ರ ಡಿಸೆಂಬರ್ 14ರಂದು, 94ನೇ ವಯಸ್ಸಿನಲ್ಲಿ, ಶಾಸಕರಾಗಿರುವಾಗಲೇ ತೀರಿಕೊಂಡರು. ಪ್ರದೇಶ ಅಧ್ಯಕ್ಷರ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಖಜಾಂಚಿಯ ಪಾತ್ರವನ್ನು ಅರಿಯಬೇಕಾದರೆ ಪಕ್ಷಗಳು ತಮ್ಮ ಹಳೆಯ ಲೆಕ್ಕಪತ್ರಗಳನ್ನು ಸಂಶೋಧಕರಿಗೆ ತೆರೆದಿಡಬೇಕು. ಅಲ್ಲಿಯವರೆಗೆ ಇಂಥ ನಾಯಕರ ಚರಿತ್ರೆ ಅರ್ಧವೇ.